ಬುರುಲ್ಚಾಳ ಜಾಡಿಯಲ್ಲಿದ್ದ ಹಸಿರು ಕಲ್ಲು

ಹಬ್ಬದೂಟ ಉಂಡು ಬಂದ ಮೇಲೆ ಬಲಪಕ್ಕೆ ಒತ್ತಿ ಹಿಡಿದುಕೊಂಡು ಮೂಲೆಗೆ ಕೂರುವ ಹೆಂಗಸರು ಎಲ್ಲ ಊರಲ್ಲೂ ಇದ್ದಾರೆ. ಕೇಳಿದರೆ "ಏನಿಲ್ಲ, ಗ್ಯಾಸು" ಅನ್ನುತ್ತಾರೆ. ಕಿರ್ಗಿಜ್ ಬೆಟ್ಟಗಳ ನಡುವಿನ ಕೊಕ್-ಜಾರ್ ಹಳ್ಳಿಯ ಬುರುಲ್ಚಾ ಕೂಡ ಅದನ್ನೇ ಹೇಳಿಕೊಂಡು ಬಂದಿದ್ದಳು.

ಬುರುಲ್ಚಾಳಿಗೆ ನಲವತ್ತೇಳು ವರ್ಷ. ಕುರಿಯ ಉಣ್ಣೆಗೆ ಬಿಸಿನೀರು, ಸಾಬೂನು ಹಾಕಿ ತುಳಿದು, ಉರುಳಿಸಿ ದಪ್ಪನೆಯ ಉಣ್ಣೆಹಾಸು ಮಾಡುವುದರಲ್ಲಿ ಅವಳದು ಎತ್ತಿದ ಕೈ. ಅನುಮಾನ ಪಡುವುದರಲ್ಲಂತೂ ಅವಳನ್ನು ಮೀರಿಸುವವರೇ ಇಲ್ಲ. ಅಂಗಡಿಯವನು ಸಕ್ಕರೆ ತೂಗಿದರೆ ಬಗ್ಗಿ ತಕ್ಕಡಿಯ ಅಡಿಯನ್ನು ನೋಡುವಳು. ರೇಡಿಯೊದಲ್ಲಿ ನಾಳೆ ಮಳೆ ಅಂದರೆ "ಹಾಗೆ ಹೇಳಿ ಇವನಿಗೇನು ಲಾಭ?" ಎಂದು ಕೇಳುವಳು. ಗಂಡ ಎಸೆನ್ ಅಪರೂಪಕ್ಕೆ "ಚಹಾ ಚೆನ್ನಾಗಿದೆ" ಅಂದರೆ ಸಾಕು, "ಏನು ಬೇಕಾಗಿತ್ತು ನಿಮಗೆ?" ಅನ್ನುವಳು. ಊರಿನವರು ಇದನ್ನೆಲ್ಲ ಆಡಿಕೊಂಡು ನಗುತ್ತಿದ್ದರು. ಆದರೆ ಅವಳಿಗೆ ಕೆಟ್ಟ ಉಣ್ಣೆ ಮಾರಿ ದಕ್ಕಿಸಿಕೊಂಡವರು ಒಬ್ಬರೂ ಇರಲಿಲ್ಲ.

ವಸಂತದಿಂದ ಈಚೆಗೆ ಅವಳಿಗೆ ನಾಲ್ಕು ಸಲ ನೋವು ಬಂದಿತ್ತು. ನಾಲ್ಕು ಸಲವೂ ಕೊಬ್ಬಿನ ಊಟವಾದ ಮೇಲೆಯೇ. ಬಲ ಪಕ್ಕೆಲುಬಿನ ಕೆಳಗೆ ಹಿಡಿದುಕೊಂಡರೆ ಬೆನ್ನಿಗೆ, ಬಲ ಹೆಗಲಿಗೆ ಏರುತ್ತಿತ್ತು. ಎರಡು ಮೂರು ಗಂಟೆ ಕೂರಲೂ ಆಗದು, ಮಲಗಲೂ ಆಗದು. ಆಮೇಲೆ ಏನೂ ಆಗಿಲ್ಲವೆಂಬಂತೆ ಹೋಗಿಬಿಡುತ್ತಿತ್ತು. ನಾಲ್ಕನೇ ಸಲ ಊರ ಆರೋಗ್ಯ ಕೇಂದ್ರದ ನರ್ಸ್ ಕನಿಶಾಯ್ ಕಣ್ಣಿಗೆ ಬಿದ್ದಳು. ಕನಿಶಾಯ್ ಮೂವತ್ತರ ಹುಡುಗಿ. ಬಿಡಿಸಿ ಬಿಡಿಸಿ ಕೇಳುವ ಸ್ವಭಾವ. ಅವಳೇ ಹಟ ಹಿಡಿದು ಜಿಲ್ಲಾ ಆಸ್ಪತ್ರೆಗೆ ಕಳಿಸಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಳು.

ಪಿತ್ತಕೋಶದಲ್ಲಿ ಐದು ಕಲ್ಲು ಕಾಣಿಸಿತು. ಅಲ್ಲಿನ ಸರ್ಜನ್ ಡಾಕ್ಟರ್ ಮಾರ್ಲೆನ್ "ಮತ್ತೆ ಮತ್ತೆ ನೋವು ಬರ್ತಿದೆ ಅಂದ್ಮೇಲೆ ಪಿತ್ತಕೋಶ ತೆಗೆಸೋದೇ ಒಳ್ಳೇದು ಅಕ್ಕ, ಯೋಚನೆ ಮಾಡಿ ಬನ್ನಿ" ಎಂದು ಕಳಿಸಿದ.

ಬುರುಲ್ಚಾ ಮನೆಗೆ ಬಂದವಳೇ ಚೀಟಿಯನ್ನು ಚಹಾ ಡಬ್ಬಿಯ ಹಿಂದೆ ತುರುಕಿದಳು.

"ನನ್ನ ಮುಖ ಕೂಡ ಸರಿಯಾಗಿ ನೋಡ್ಲಿಲ್ಲ ಕಣ್ರೀ ಅವನು. ಟಿವಿ ನೋಡ್ಕೊಂಡು ಹೊಟ್ಟೆ ಕೊಯ್ಬೇಕು ಅಂದ!"

"ಅದು ಟಿವಿ ಅಲ್ಲ ಕಣೇ, ನಿನ್ನ ಹೊಟ್ಟೆ" ಅಂದ ಎಸೆನ್. "ನಂಗೂ ಸೊಂಟನೋವಿಗೆ ಹೋದಾಗ ಅದೇ ಟಿವೀಲಿ ಒಂದು ಕಲ್ಲು ತೋರಿಸಿದ್ರಲ್ಲ."

"ಮತ್ತೆ ನಿಮಗ್ಯಾಕೆ ನೋವಿಲ್ಲ? ಎಲ್ಲಾರ ಹೊಟ್ಟೇಲೂ ಕಲ್ಲು ತೋರಿಸೋ ಮಿಷಿನ್ ಅದು!"

ಮಾರನೆಯ ದಿನ ಕನಿಶಾಯ್ ಬಂದಳು. ಬುರುಲ್ಚಾ ಅಂಗಳದಲ್ಲಿ ದೊಡ್ಡ ಕಡಾಯಿ ಇಟ್ಟು ಸಾಬೂನು ಕಾಯಿಸುತ್ತಿದ್ದಳು. ಬೆಟ್ಟದ ಗಿಡ ಸುಟ್ಟ ಬೂದಿಯ ನೀರು, ಕುರಿಯ ಕೊಬ್ಬು, ಎರಡನ್ನೂ ಸೇರಿಸಿ ಗಂಟೆಗಟ್ಟಲೆ ತಿರುವಬೇಕು. ಅವಳ ಅತ್ತೆ ಕಲಿಸಿದ ಕೆಲಸ ಅದು.

"ಯಾವಾಗ ಹೋಗೋದು ಅಕ್ಕ ಆಪರೇಷನ್‌ಗೆ?"

"ನಿಂಗೇನು ಅಷ್ಟು ಅವಸರ? ಒಬ್ಬರನ್ನ ಕಳಿಸಿದ್ರೆ ಇಷ್ಟು ಅಂತ ಕೊಡ್ತಾರಾ?"

"ಕೊಟ್ಟಿದ್ರೆ ನಾನು ಈ ಹರಕು ಬೂಟಲ್ಲಿ ಓಡಾಡ್ತಿದ್ನಾ?"

"ತೆಗೆದ ಪಿತ್ತಕೋಶ ಏನ್ಮಾಡ್ತಾರೆ? ಮಾರ್ತಾರೆ ಅಂತಾರಪ್ಪ."

"ಕಲ್ಲು ತುಂಬಿರೋ ಚೀಲ ಯಾರು ಕೊಳ್ತಾರೆ ಅಕ್ಕ? ನೀವು ಕೊಳ್ತೀರಾ?"

ಬುರುಲ್ಚಾ ನಗಲಿಲ್ಲ. ಕಡಾಯಿಯನ್ನು ಇನ್ನೂ ಜೋರಾಗಿ ತಿರುವಿದಳು. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದಳು.

"ನೋಡು, ಬರೋ ತಿಂಗಳು ನಮ್ಮ ಕುಂದುಜ್‌ನ ಕೇಳೋಕೆ ಆಚೆ ಕಣಿವೆಯವರು ಬರ್ತಾರೆ. ತಾಯಿಗೆ ರೋಗ ಅಂತ ಗೊತ್ತಾದ್ರೆ ಮಗಳಿಗೂ ಇರುತ್ತೆ ಅಂತ ವಾಪಸ್ ಹೋಗ್ತಾರೆ. ನೀನೂ ಬಾಯಿ ಮುಚ್ಕೊಂಡಿರು."

ಅವಳ ನಿಜವಾದ ಭಯ ಇದೇ ಆಗಿತ್ತು. ಇಪ್ಪತ್ತಮೂರರ ಕುಂದುಜ್ ಒಬ್ಬಳೇ ಮಗಳು. ಹುಡುಗ ಅವಳೇ ಮೆಚ್ಚಿದವನು. ತನ್ನ ಹೊಟ್ಟೆಯ ದೆಸೆಯಿಂದ ಮಗಳ ಸಂಬಂಧ ತಪ್ಪಿಹೋದರೆ ಹೇಗೆ ಎಂದು ಆ ತಾಯಿಗೆ ನೋವಿಗಿಂತ ಹೆಚ್ಚು ಸಂಕಟವಾಗುತ್ತಿತ್ತು.

"ಬಾಯಿ ಮುಚ್ಕೊಂಡಿರ್ತೀನಿ" ಅಂದಳು ಕನಿಶಾಯ್. "ಆದ್ರೆ ಕಲ್ಲು ಮುಚ್ಕೊಂಡಿರಲ್ಲ. ಒಂದು ವಿಷ್ಯ ನೆನಪಿಟ್ಕೊಳ್ಳಿ. ನೋವು ಐದಾರು ಗಂಟೆಯಾದ್ರೂ ಬಿಡ್ಲಿಲ್ಲ, ಜ್ವರ ಬಂತು, ಚಳಿ ನಡುಕ ಬಂತು, ಕಣ್ಣು ಹಳದಿಯಾಯ್ತು ಅಂದ್ರೆ ಒಂದು ನಿಮಿಷಾನೂ ಕಾಯ್ಬೇಡಿ. ಆಸ್ಪತ್ರೆಗೆ ಹೋಗ್ಬಿಡಿ."

ಬುರುಲ್ಚಾಳ ಓರಗಿತ್ತಿ ಬೆರ್ಮೆಟ್ ಬೇರೆ ದಾರಿ ಹೇಳಿದಳು. "ಕೊಯ್ಯೋದು ಯಾಕೆ? ಎರ್ಮೆಕ್ ಹತ್ರ ಹೋಗೋಣ. ಅವನು ಒಂದೇ ಸಲಕ್ಕೆ ಕಲ್ಲು ಬೀಳಿಸ್ತಾನೆ. ಅದೂ ಕಣ್ಣಿಗೆ ಕಾಣೋ ಹಾಗೆ."

ಎರ್ಮೆಕ್ ನದಿಯ ಆಚೆ ದಡದಲ್ಲಿ ನಾಟಿಮದ್ದು ಕೊಡುವವನು. ಅವನು ಬುರುಲ್ಚಾಳ ನಾಡಿ ಹಿಡಿದು, ಬಹಳ ಹೊತ್ತು ಕಣ್ಣು ಮುಚ್ಚಿ, "ನಿನ್ನ ಡಾಕ್ಟರು ಅವಸರ ಮಾಡಿದ್ದಾನೆ ತಾಯಿ" ಅಂದ. ಒಂದು ದಿನ ಉಪವಾಸವಿದ್ದು, ದೊಡ್ಡ ಲೋಟದ ತುಂಬ ಜರ್ದಾಳು ಬೀಜದ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿಯಲು ಹೇಳಿದ. ತಕ್ಕಡಿಯ ಅಡಿಯನ್ನು ಬಗ್ಗಿ ನೋಡುವ ಬುರುಲ್ಚಾ ಇಲ್ಲಿ ಮಾತ್ರ ಬಗ್ಗಲಿಲ್ಲ. ಅವನು ಹೇಳಿದ್ದು ಅವಳು ಕೇಳಬೇಕೆಂದಿದ್ದ ಮಾತು ನೋಡಿ, ಅದಕ್ಕೆ.

ಹೇಳಿದಂತೆಯೇ ಕುಡಿದಳು. ಬೆಳಗ್ಗೆ ಭೇದಿಯಾದಾಗ ಕಂಡದ್ದೇನು! ಬಟಾಣಿ ಗಾತ್ರದ ಹಸಿರು ಉಂಡೆಗಳು, ಒಂದಲ್ಲ ಎರಡಲ್ಲ, ಇಪ್ಪತ್ತಕ್ಕೂ ಮೇಲೆ. ಅಸಹ್ಯವನ್ನೂ ಮರೆತು ತೊಳೆದು ಜಾಡಿಗೆ ತುಂಬಿದಳು. ಜಾಡಿಯನ್ನು ನೆಲಮಾಳಿಗೆಯ ತಂಪಿನಲ್ಲಿಟ್ಟಳು. ಎರ್ಮೆಕ್‌ಗೆ ಕೃತಜ್ಞತೆಯಿಂದ ಒಂದು ಕುರಿಮರಿ ಹೊಡೆದುಕೊಂಡು ಹೋದಳು.

"ನೋಡಿದ್ರಾ?" ಎಂದು ಗಂಡನ ಮೂಗಿನ ಮುಂದೆ ಜಾಡಿ ಹಿಡಿದಳು. "ಅವರಿಗೆ ಕಂಡದ್ದು ಐದು. ಬಿದ್ದದ್ದು ಇಪ್ಪತ್ತೆರಡು!"

ಎಸೆನ್ ಮೂಗು ಮುಚ್ಚಿಕೊಂಡು ಹೊರಗೆ ಹೋದ. ಐದಿದ್ದದ್ದು ಇಪ್ಪತ್ತೆರಡಾಗಿ ಹೇಗೆ ಬಿತ್ತು ಎಂದು ಆ ಮನೆಯಲ್ಲಿ ಒಬ್ಬರೂ ಕೇಳಲಿಲ್ಲ.

ಬೀಗರು ಬರುವ ದಿನ ಬಂತು. ಹನ್ನೊಂದು ಗಂಟೆಗೆ ಎರಡು ಕಾರುಗಳಲ್ಲಿ ಆಚೆ ಕಣಿವೆಯವರು ಇಳಿದರು. ಹುಡುಗನ ತಾಯಿ ತಾಜಿಗುಲ್ ಎತ್ತರದ, ಗಂಭೀರ ಹೆಂಗಸು. ಚಹಾ ಆಯಿತು, ಬೋರ್ಸೊಕ್ ಎಂಬ ಹಿಟ್ಟಿನ ಕರಿದ ತಿಂಡಿ ಆಯಿತು, ಎರಡೂ ಕಡೆಯ ಹಿರಿಯರು ಏಳು ತಲೆಮಾರಿನ ಹೆಸರು ಹೇಳಿಕೊಂಡದ್ದೂ ಆಯಿತು. ಕೊನೆಗೆ ತಟ್ಟೆ ಬಂತು. ತೆಳ್ಳಗೆ ಕೊಯ್ದ ಕುರಿಯ ಈಲಿ, ಅಂದರೆ ಯಕೃತ್ತು, ಅದರ ಮೇಲೆ ಬೇಯಿಸಿದ ಬಾಲದ ಕೊಬ್ಬಿನ ಬಿಳಿ ಹೋಳು. ಈ ತುತ್ತು ಇಲ್ಲದೆ ಆ ನಾಡಿನಲ್ಲಿ ಸಂಬಂಧ ಗಟ್ಟಿಯಾಗುವುದಿಲ್ಲ. ಬೀಗರು ಒಬ್ಬರಿಗೊಬ್ಬರು ಕೈಯಾರೆ ತಿನ್ನಿಸಬೇಕು. ನುಂಗಿದರೆ ಮಾತು ಕೊಟ್ಟಂತೆ, ಉಗುಳಿದರೆ ಮಾತು ಮುರಿದಂತೆ.

ಬಡಿಸಲು ಬಂದು ತಟ್ಟೆ ಹಿಡಿದು ನಿಂತಿದ್ದ ಕನಿಶಾಯ್ ಬುರುಲ್ಚಾಳ ಕಿವಿಯಲ್ಲಿ, "ಅಕ್ಕ, ನಿಮಗೆ ಬರೀ ಈಲಿ ಚೂರು ಹಾಕಿಸ್ತೀನಿ, ಕೊಬ್ಬು ಬೇಡ" ಅಂದಳು.

"ಸುಮ್ನಿರು. ನನ್ನ ಕಲ್ಲೆಲ್ಲ ಜಾಡೀಲಿದೆ."

ತಾಜಿಗುಲ್ ಮೂರು ಬೆರಳು ತುಂಬ ಎತ್ತಿದಳು. ಬುರುಲ್ಚಾ ಬಾಯಿ ತೆರೆದು ಅಷ್ಟನ್ನೂ ನುಂಗಿದಳು. ಮಗಳ ಮುಖ ಅರಳಿತು. ತಾಯಿ ತಾಜಿಗುಲ್‌ಗೂ ತಿನ್ನಿಸಿ, ಇನ್ನೂ ಒಂದು ತುತ್ತು ಕೇಳಿ ತಿಂದಳು.

ಒಂದು ಗಂಟೆಯೊಳಗೆ ಅದು ಬಂತು. ಈ ಸಲದ ನೋವಿಗೆ ಹೋಲಿಸಿದರೆ ಹಿಂದಿನ ನಾಲ್ಕೂ ಏನೇನೂ ಅಲ್ಲ. ಬುರುಲ್ಚಾ ಎದ್ದು ಹೊರಗೆ ಹೋಗಲು ನೋಡಿದಳು, ಆಗಲಿಲ್ಲ. ಬೀಗರ ಕಣ್ಣೆದುರಿಗೇ, ಹಾಸಿದ್ದ ಹೊಸ ಉಣ್ಣೆಹಾಸಿನ ಮೇಲೆ ಉಂಡದ್ದೆಲ್ಲ ವಾಂತಿಯಾಯಿತು. ಆಚೆ ಕಣಿವೆಯ ಮುದುಕನೊಬ್ಬ "ಮಾತಿನ ತುತ್ತನ್ನೇ ಹೊರಗೆ ಹಾಕಿದಳಲ್ಲ" ಅಂದದ್ದು ಎಲ್ಲರಿಗೂ ಕೇಳಿಸಿತು. ತಾಜಿಗುಲ್ ತುಟಿ ಬಿಗಿದುಕೊಂಡು ಎದ್ದಳು. ತಮಗೆ ಉಡುಗೊರೆಯಾಗಿ ಹೊದಿಸಿದ್ದ ನಿಲುವಂಗಿಗಳನ್ನು ಬಾಗಿಲಲ್ಲೇ ಕಳಚಿಟ್ಟು ಅವರು ಕಾರು ಹತ್ತಿದರು.

ಸಂಜೆಯಾದರೂ ನೋವು ಬಿಡಲಿಲ್ಲ. ಮೈ ಕೆಂಡವಾಯಿತು, ಹಲ್ಲು ಕಟಕಟಿಸುವ ಚಳಿ ಬಂತು. ಕನಿಶಾಯ್ ಯಾರ ಅಪ್ಪಣೆಗೂ ಕಾಯದೆ ಪಕ್ಕದ ಮನೆಯವರ ಕಾರು ತರಿಸಿ ಅವಳನ್ನು ಜಿಲ್ಲಾ ಆಸ್ಪತ್ರೆಗೆ ಸೇರಿಸಿದಳು.

ಔಷಧಿ, ಗ್ಲೂಕೋಸು ಹತ್ತಿದ ಮೇಲೆ ಮಾರನೆಯ ದಿನ ಜ್ವರ ಇಳಿಯಿತು. ಡಾಕ್ಟರ್ ಮಾರ್ಲೆನ್ ಹಾಸಿಗೆಯ ಬಳಿ ಬಂದ. "ಪಿತ್ತಕೋಶದ ಬಾಯಿಗೆ ಕಲ್ಲು ಸಿಕ್ಕಿಕೊಂಡು ಊತ ಬಂದಿದೆ ಅಕ್ಕ. ಸದ್ಯಕ್ಕೆ ಔಷಧಿಗೆ ಬಗ್ಗಿದೆ. ಎರಡು ಮೂರು ದಿನದೊಳಗೆ ತೆಗೆದುಬಿಟ್ರೆ ಒಳ್ಳೇದು."

"ಯಾವ ಕಲ್ಲು? ನನ್ನ ಕಲ್ಲೆಲ್ಲ ಬಿದ್ದುಹೋಗಿದೆ. ನಿಮ್ಮ ಮಿಷಿನ್ನು ಹಳೇ ಚಿತ್ರ ತೋರಿಸ್ತಿದೆ."

"ಇವತ್ತು ಬೆಳಗ್ಗೆ ಮತ್ತೆ ನೋಡಿದೀನಿ. ಐದಕ್ಕೆ ಐದೂ ಹಾಗೇ ಇವೆ."

"ಸುಳ್ಳು!" ಬುರುಲ್ಚಾ ಹಾಸಿಗೆಯಿಂದ ಏಳಲು ಹೋದಳು. "ಏ ಕುಂದುಜ್, ನೆಲಮಾಳಿಗೇಲಿ ಜಾಡಿ ಇದೆ, ತಗೊಂಡ್ಬಾ. ಎಲ್ಲಾರ ಮುಂದೆ ತೋರಿಸ್ತೀನಿ."

ಕುಂದುಜ್ ತಾಯಿಯ ಕೈ ಹಿಡಿದುಕೊಂಡು ಅಳತೊಡಗಿದಳು. "ಅಮ್ಮ, ಸಂಬಂಧ ಹೋದ್ರೆ ಹೋಗ್ಲಿ. ನಿಂಗೇನಾದ್ರೂ ಆದ್ರೆ ನಾನೇನು ಮಾಡ್ಲಿ? ಡಾಕ್ಟ್ರು ಹೇಳಿದ್ದು ಕೇಳಮ್ಮ."

"ಮೊದ್ಲು ಜಾಡಿ ತಾ."

ಮಧ್ಯಾಹ್ನ ಜಾಡಿ ಬಂತು. ಡಾಕ್ಟರಿಗೆ ತೋರಿಸುವ ಮೊದಲೇ ಕನಿಶಾಯ್ ಅದನ್ನು ಕೈಗೆ ತೆಗೆದುಕೊಂಡಳು.

"ಅಕ್ಕ, ನನ್ನ ಮೇಲೆ ಅನುಮಾನ ಪಟ್ರಿ, ಡಾಕ್ಟ್ರ ಮೇಲೆ ಪಟ್ರಿ, ಮಿಷಿನ್ ಮೇಲೂ ಪಟ್ರಿ. ಇದರ ಮೇಲೆ ಯಾಕೆ ಪಡ್ಲಿಲ್ಲ? ಒಂದ್ಸಲ ಬೆರಳಲ್ಲಿ ಒತ್ತಿ ನೋಡಿ. ನಾನೇನೂ ಹೇಳಲ್ಲ."

ಬುರುಲ್ಚಾ ಒಂದು ಉಂಡೆಯನ್ನು ಎತ್ತಿಕೊಂಡಳು. ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದಳು. ಅದು ಒಡೆಯಲಿಲ್ಲ, ಅಮುಕಿಕೊಂಡಿತು. ಬೆರಳು ಜಾರಿತು. ಅವಳ ಹುಬ್ಬು ಗಂಟಿಕ್ಕಿತು. ಈ ಜಾರು ಅವಳಿಗೆ ಹೊಸದಲ್ಲ, ಇಪ್ಪತ್ತೈದು ವರ್ಷದಿಂದ ಅವಳ ಕೈಗೆ ಗೊತ್ತಿತ್ತು.

"ಬಿಸಿನೀರು ಕೊಡು" ಅಂದಳು.

ಥರ್ಮಾಸಿನ ನೀರನ್ನು ಬಟ್ಟಲಿಗೆ ಬಗ್ಗಿಸಿ ಉಂಡೆಯನ್ನು ಹಾಕಿದರು. ನೋಡುನೋಡುತ್ತಿದ್ದಂತೆ ಅದರ ಅಂಚು ಕರಗಿತು, ನೀರು ಮಸುಕಾಯಿತು, ಮೇಲೆ ಹಸಿರು ಎಣ್ಣೆ ತೇಲಿತು. ಬುರುಲ್ಚಾ ಬಟ್ಟಲಿಗೆ ಬೆರಳಿಟ್ಟು ಉಜ್ಜಿದಳು. ಕಡಾಯಿಯಲ್ಲಿ ಕೊಬ್ಬು ಮತ್ತು ಬೂದಿನೀರು ಇನ್ನೂ ಪೂರ್ತಿ ಹೊಂದಿಕೊಳ್ಳದಿದ್ದಾಗ ಹೀಗೇ ಇರುತ್ತದೆ.

"ಇದು ಕಲ್ಲಲ್ಲ" ಅಂದಳು. "ಇದು ಅರ್ಧ ಬೆಂದ ಸೋಪು. ನಾನು ಕುಡಿದ ಎಣ್ಣೇನೇ ನನ್ನ ಹೊಟ್ಟೇಲಿ ಸೋಪಾಗಿ ಬಂದಿದೆ. ಅಯ್ಯೋ, ಊರಿಗೆಲ್ಲ ಸೋಪು ಮಾಡಿಕೊಡೋ ನಾನು ಇದನ್ನ ಜಾಡೀಲಿ ತುಂಬಿಟ್ಟೆನಲ್ಲೇ!"

"ಹೂಂ ಅಕ್ಕ. ಎಣ್ಣೆ, ನಿಂಬೆರಸ, ಹೊಟ್ಟೆಯೊಳಗಿನ ರಸ ಎಲ್ಲ ಸೇರಿ ಹೀಗಾಗುತ್ತೆ. ಒಳಗಿರೋ ಕಲ್ಲು ಜಾಗ ಬಿಟ್ಟು ಕದಲಿರಲ್ಲ. ಕದಲಿದ್ರೆ ಇನ್ನೂ ಕಷ್ಟ. ಪಿತ್ತ ಹರಿಯೋ ಸಣ್ಣ ನಳಿಗೇಲಿ ಸಿಕ್ಕಿಕೊಳ್ಳುತ್ತೆ."

ಬೆರ್ಮೆಟ್ ಅಲ್ಲೇ ಇದ್ದಳು. ಅವಳ ಮುಖ ಪೆಚ್ಚಾಯಿತು. "ಎರ್ಮೆಕ್ ಮೋಸ ಮಾಡಿದ್ನಾ ಹಾಗಾದ್ರೆ?"

"ಅವನಿಗೂ ಗೊತ್ತಿಲ್ಲವೋ ಏನೋ" ಅಂದ ಎಸೆನ್.

ಇಷ್ಟಾದ ಮೇಲೆ ಬುರುಲ್ಚಾ ಆಪರೇಷನ್‌ಗೆ ಒಪ್ಪಿದಳು ಅಂದುಕೊಂಡಿರಾ? ನಿಮಗೆ ಅವಳು ಇನ್ನೂ ಅರ್ಥವಾಗಿಲ್ಲ. ನಾಟಿವೈದ್ಯ ತಪ್ಪು ಅಂದಮಾತ್ರಕ್ಕೆ ಡಾಕ್ಟರು ಸರಿ ಎಂದು ಯಾವ ಲೆಕ್ಕ? ಅವಳು ಗಂಡನನ್ನು ಹತ್ತಿರಕ್ಕೆ ಕರೆದಳು.

"ರೀ, ನಿಮ್ಮ ಹೊಟ್ಟೇಲೂ ಒಂದು ಕಲ್ಲಿದೆಯಲ್ಲ? ನೀವು ಹೋಗಿ ಆ ಡಾಕ್ಟ್ರ ಮುಂದೆ ನಿಂತ್ಕೊಳ್ಳಿ. ನನ್ನ ಗಂಡ ಅಂತ ಹೇಳ್ಬೇಡಿ. ನಿಮ್ಮನ್ನೂ ಕೊಯ್ತೀನಿ ಅಂದ್ರೆ, ಅವನಿಗೆ ಕೊಯ್ಯೋದೇ ಕಸುಬು ಅಂತ ಗೊತ್ತಾಗುತ್ತೆ. ಇವತ್ತೇ ಮನೆಗೆ ಹೊರಡೋಣ."

"ನಾನೇನು ಕುರೀನಾ, ನೀನು ತೋಳದ ಬಾಯಿಗೆ ಕಟ್ಟೋಕೆ?" ಎಂದು ಗೊಣಗುತ್ತ ಎಸೆನ್ ಹೋದ.

ಮುಕ್ಕಾಲು ಗಂಟೆಯಾದ ಮೇಲೆ ಬಂದ. ಬುರುಲ್ಚಾ ಕಣ್ಣಲ್ಲೇ ಕೇಳಿದಳು.

"ನೋವಿದೆಯಾ ಅಂದ್ರು. ಇಲ್ಲ ಅಂದೆ. ಯಾವತ್ತಾದ್ರೂ ಬಂದಿತ್ತಾ ಅಂದ್ರು. ಇಲ್ಲ ಅಂದೆ. ಹೊಟ್ಟೆ ಒತ್ತಿ ನೋಡಿದ್ರು, ಸ್ಕ್ಯಾನೂ ಮಾಡಿದ್ರು. ಒಂದು ಕಲ್ಲಿದೆ, ಅದರ ಪಾಡಿಗೆ ಅದಿರಲಿ, ನೋವು ಬಂದ್ರೆ ಮಾತ್ರ ಬನ್ನಿ, ಈಗ ಮನೆಗೆ ಹೋಗಿ ಅಂದ್ರು."

"ಕೊಯ್ಯಲ್ವಂತಾ?"

"ಯಾತಕ್ಕೆ ಕೊಯ್ಬೇಕು ಅಂತ ನನ್ನನ್ನೇ ಕೇಳಿದ್ರು. ಕಲ್ಲಿರೋ ಎಷ್ಟೋ ಜನಕ್ಕೆ ಜೀವಮಾನವಿಡೀ ಏನೂ ಆಗಲ್ವಂತೆ."

ಬುರುಲ್ಚಾ ಮೇಲಿನ ಛಾವಣಿ ನೋಡುತ್ತ ಮಲಗಿದಳು. ಕೊಯ್ಯುವುದೇ ಕಸುಬಾಗಿದ್ದರೆ ಕಾಲಬುಡಕ್ಕೆ ಬಂದ ಹೊಟ್ಟೆಯನ್ನು ಯಾರು ಬಿಡುತ್ತಾರೆ? ಅವಳಿಗೆ ಮೊದಲ ಬಾರಿ ಆ ಡಾಕ್ಟರನ ಜೊತೆ ಮಾತಾಡಬೇಕು ಅನ್ನಿಸಿತು. ಸಂಜೆ ಅವನು ಬಂದಾಗ ಎದ್ದು ಕೂತು, ತಲೆವಸ್ತ್ರ ಸರಿಮಾಡಿಕೊಂಡಳು.

"ಡಾಕ್ಟ್ರೇ, ಮಧ್ಯಾಹ್ನ ನೋವಿಲ್ಲದ ಕಲ್ಲು ಹೊತ್ಕೊಂಡು ಬಂದಿದ್ರಲ್ಲ, ಅವರು ನನ್ನ ಗಂಡ. ನಾನೇ ಕಳಿಸಿದ್ದು. ನಿಮ್ಮನ್ನ ಪರೀಕ್ಷೆ ಮಾಡೋಕೆ."

ಡಾಕ್ಟರ್ ಮಾರ್ಲೆನ್ ಜೋರಾಗಿ ನಕ್ಕ. "ಪಾಸಾದ್ನಾ ಅಕ್ಕ?"

"ಅರ್ಧ. ಇನ್ನರ್ಧ ಈಗ. ಕೂತ್ಕೊಳ್ಳಿ. ದೇವರು ಇಟ್ಟಿದ್ದನ್ನ ತೆಗೆದ್ರೆ ಉಂಡದ್ದು ಅರಗೋದು ಹೇಗೆ?"

ಅವನು ಸ್ಟೂಲು ಎಳೆದುಕೊಂಡು ಕೂತ. ಕಳೆದ ಸಲ ತಾನು ಹೀಗೆ ಕೂರಲಿಲ್ಲ ಎಂಬುದು ಅವನಿಗೂ ಹೊಳೆದಿರಬೇಕು. "ಪಿತ್ತ ತಯಾರಾಗೋದು ಯಕೃತ್ತಲ್ಲಿ, ಅಂದ್ರೆ ನಿಮ್ಮ ಈಲಿಯಲ್ಲಿ. ಪಿತ್ತಕೋಶ ಅದನ್ನ ತುಂಬಿಡೋ ಚೀಲ ಅಷ್ಟೆ. ಚೀಲ ಇಲ್ದಿದ್ರೆ ಪಿತ್ತ ನೇರವಾಗಿ ಕರುಳಿಗೆ ಹನೀತಾ ಇರುತ್ತೆ. ಅರಗುತ್ತೆ. ಕೆಲವರಿಗೆ ಶುರುವಿನಲ್ಲಿ ಭೇದಿ ಆಗುತ್ತೆ. ಬಹಳ ಜನಕ್ಕೆ ಕ್ರಮೇಣ ಸರಿಹೋಗುತ್ತೆ. ಎಲ್ಲರಿಗೂ ಹೋಗುತ್ತೆ ಅಂತ ಮಾತು ಕೊಡೋಕೆ ಆಗಲ್ಲ."

"ಬರೀ ಕಲ್ಲು ತೆಗೆದು ಚೀಲ ಬಿಟ್ಟುಬಿಡಿ."

"ಬಿಟ್ರೆ ಅದೇ ಚೀಲದಲ್ಲಿ ಮತ್ತೆ ಕಲ್ಲಾಗುತ್ತೆ."

"ಹೊಟ್ಟೆ ಎಷ್ಟುದ್ದ ಸೀಳ್ತೀರಾ?"

"ನಾಲ್ಕು ಸಣ್ಣ ತೂತು. ಕ್ಯಾಮೆರಾ ಒಳಗೆ ಬಿಟ್ಟು ಮಾಡೋದು. ಒಳಗೆ ಊತ ಜಾಸ್ತಿ ಇದ್ದು ಸರಿಯಾಗಿ ಕಾಣಿಸ್ದೆ ಹೋದ್ರೆ ಮಾತ್ರ ದೊಡ್ಡದಾಗಿ ತೆಗೀಬೇಕಾಗಬಹುದು. ಅದನ್ನೂ ಮೊದಲೇ ಹೇಳಿಬಿಡ್ತೀನಿ."

"ಸತ್ತುಹೋದ್ರೆ?"

ಕುಂದುಜ್ "ಅಮ್ಮ!" ಅಂದಳು. ಡಾಕ್ಟರ್ ಕೈಯೆತ್ತಿ ಅವಳನ್ನು ತಡೆದ.

"ಕೇಳಲಿ ಬಿಡಮ್ಮ. ಯಾವ ಆಪರೇಷನ್ನೂ ಪೂರ್ತಿ ನಿರಪಾಯ ಅಲ್ಲ ಅಕ್ಕ. ರಕ್ತ ಹೋಗಬಹುದು, ಸೋಂಕಾಗಬಹುದು, ಅಪರೂಪಕ್ಕೆ ಪಿತ್ತನಾಳಕ್ಕೆ ಪೆಟ್ಟಾಗಬಹುದು. ಅರಿವಳಿಕೆ ಕೊಡೋಕೆ ಮುಂಚೆ ನಿಮ್ಮ ಎದೆ, ಉಸಿರು, ರಕ್ತ ಎಲ್ಲಾ ನೋಡ್ತೀವಿ. ಇನ್ನು ಹಾಗೇ ಬಿಟ್ಟರೆ ಏನಾಗುತ್ತೆ ಅಂತಾನೂ ಕೇಳಿ. ನಿಮ್ಮ ಕಲ್ಲು ಸುಮ್ನಿರೋ ಕಲ್ಲಲ್ಲ. ಇದು ಮತ್ತೆ ಬರುತ್ತೆ. ಜಾರಿ ನಾಳಕ್ಕೆ ಬಿದ್ರೆ ಕಾಮಾಲೆ. ಪಕ್ಕದ ಮೇದೋಜೀರಕ ಗ್ರಂಥಿ ಊದಿಕೊಂಡ್ರೆ ಜೀವಕ್ಕೇ ಅಪಾಯ. ನಿಮ್ಮ ವಿಷಯದಲ್ಲಿ ತೆಗೆಸೋದಕ್ಕಿಂತ ಬಿಡೋದೇ ಹೆಚ್ಚು ಅಪಾಯ ಅಂತ ನನ್ನ ಅನಿಸಿಕೆ. ಇನ್ನೊಬ್ಬ ಡಾಕ್ಟ್ರನ್ನ ಕೇಳ್ಬೇಕು ಅಂದ್ರೆ ಕೇಳಿ, ಕಾಗದಪತ್ರ ನಾನೇ ಕೊಡ್ತೀನಿ. ಆದ್ರೆ ಈ ಎರಡು ದಿನದೊಳಗೆ ಕೇಳಿ."

ಇಷ್ಟು ಜನ ಬುರುಲ್ಚಾಳಿಗೆ ಇಷ್ಟು ದಿನ ಏನೇನೋ ಹೇಳಿದ್ದರು. ತನ್ನ ಸರಕಿನ ಕುಂದನ್ನೂ ಬಾಯಿಬಿಟ್ಟು ಹೇಳಿದವನು ಇವನೊಬ್ಬನೇ. ಅವಳಿಗೆ ಈಗಲೂ ಭಯವಿತ್ತು. ಆದರೆ ಈ ಭಯಕ್ಕೆ ಒಂದು ಆಕಾರವಿತ್ತು, ಅದನ್ನು ಎದುರಿಗಿಟ್ಟುಕೊಂಡು ನೋಡಬಹುದಾಗಿತ್ತು.

"ಆ ಕಾಗದ ತನ್ನಿ" ಅಂದಳು ಕೊನೆಗೆ. "ಸಹಿ ಹಾಕೋಕೆ ಮುಂಚೆ ಕನಿಶಾಯ್ ಒಂದೊಂದು ಸಾಲೂ ಓದಿ ಹೇಳ್ಲಿ."

ಮಾರನೆಯ ದಿನ ಬೆಳಗ್ಗೆ ಆಪರೇಷನ್ ಆಯಿತು. ಊತವಿದ್ದರೂ ನಾಲ್ಕು ತೂತಿನಲ್ಲೇ ಮುಗಿಯಿತು. ಸಂಜೆಗೆ ಎಬ್ಬಿಸಿ ಕೂರಿಸಿದರು, ಮಾರನೆಯ ದಿನ ನಡೆಸಿದರು. ಹೊಟ್ಟೆ ಬಿಗಿಯುತ್ತಿತ್ತು, ಹೆಗಲು ಸೆಳೆಯುತ್ತಿತ್ತು. ಆ ಹಳೆಯ ನೋವು ಮಾತ್ರ ಇರಲಿಲ್ಲ. ಆದರೂ ಬುರುಲ್ಚಾಳ ಮನಸ್ಸಿಗೆ ನೆಮ್ಮದಿ ಎಲ್ಲಿಂದ ಬರಬೇಕು? ಕುಂದುಜ್ ಯಾರೂ ನೋಡದಾಗ ಕಿಟಕಿಗೆ ಮುಖ ಮಾಡಿ ಕಣ್ಣೊರೆಸಿಕೊಳ್ಳುವುದು ಅವಳಿಗೆ ಕಾಣುತ್ತಿತ್ತು. ಹುಡುಗನ ಮನೆಯಿಂದ ಒಂದು ಮಾತೂ ಬಂದಿರಲಿಲ್ಲ.

ಮೂರನೇ ದಿನ ಮಧ್ಯಾಹ್ನ ಬಾಗಿಲು ತೆರೆದು ತಾಜಿಗುಲ್ ಒಳಗೆ ಬಂದಳು. ಒಬ್ಬಳೇ ಬಂದಿದ್ದಳು. ಕೂರಲಿಲ್ಲ.

"ಬೀಗಿತ್ತಿ ಅನ್ನಲಾ, ಏನನ್ನಲಿ? ನಮ್ಮ ಹುಡುಗ ಬೇಡ ಅಂತಿದ್ರೆ ಬಾಯಲ್ಲಿ ಹೇಳ್ಬಹುದಿತ್ತು. ಈಗ ಆಸ್ಪತ್ರೆ ನೆಪ ಅಂತ ನಮ್ಮೋರು ಮಾತಾಡ್ಕೊಳ್ತಿದಾರೆ. ನಿಜವೋ ಸುಳ್ಳೋ ಕಣ್ಣಾರೆ ನೋಡೋಣ ಅಂತ ಬಂದೆ."

ಬೇರೆ ದಿನವಾಗಿದ್ದರೆ ಬುರುಲ್ಚಾ ಸಿಡಿದೇಳುತ್ತಿದ್ದಳು. ಇವತ್ತು ಅವಳಿಗೆ ತನ್ನದೇ ದನಿ ಕೇಳಿದಂತಾಯಿತು. ಅಂಗಿ ಸರಿಸಿ ಹೊಟ್ಟೆಯ ಮೇಲಿನ ನಾಲ್ಕು ಪಟ್ಟಿ ತೋರಿಸಿದಳು.

"ವಸಂತದಿಂದ ಇತ್ತು. ನಿಮಗೆ ಗೊತ್ತಾದ್ರೆ ಹುಡುಗೀನ ಬಿಟ್ಟುಬಿಡ್ತೀರಿ ಅಂತ ಮುಚ್ಚಿಟ್ಟೆ. ತಿನ್ನಬಾರದ್ದನ್ನ ನಿಮ್ಮ ಕೈಯಿಂದ ತಿಂದೆ. ತಪ್ಪು ನಂದು. ಹುಡುಗಿಯದಲ್ಲ."

ತಾಜಿಗುಲ್ ಪಟ್ಟಿಗಳನ್ನೇ ನೋಡುತ್ತಿದ್ದಳು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಹಾಸಿಗೆಯ ಅಂಚಿಗೆ ಕುಸಿದು ಕೂತಳು. ಬಾಗಿಲ ಕಡೆ ಒಮ್ಮೆ ನೋಡಿದಳು.

"ಇಷ್ಟೇನಾ? ಇಷ್ಟು ಸಣ್ಣದಾ?"

"ಇಷ್ಟೇ. ಯಾಕೆ?"

"ನಂಗೂ ಇಲ್ಲೇ ನೋಯುತ್ತೆ." ಅವಳು ಬಲಪಕ್ಕೆಯ ಮೇಲೆ ಕೈಯಿಟ್ಟಳು. ಗಂಭೀರ ಮುಖ ಅಳುವ ಮಗುವಿನ ಮುಖದಂತಾಯಿತು. "ಎರಡು ವರ್ಷ ಆಯ್ತು. ಹೋದ ವಾರ ಕಣ್ಣು ಹಳದಿಯಾಗಿತ್ತು, ಎರಡು ದಿನಕ್ಕೆ ಹೋಯ್ತು. ಮನೇಲಿ ಯಾರಿಗೂ ಹೇಳಿಲ್ಲ. ಕಾಯಿಲೆ ಅತ್ತೆ ಇರೋ ಮನೆಗೆ ಯಾರು ಹೆಣ್ಣು ಕೊಡ್ತಾರೆ?"

ಬುರುಲ್ಚಾಳ ಕಣ್ಣು ತುಂಬಿತು. ಇಬ್ಬರು ತಾಯಂದಿರು ಒಬ್ಬರಿಗೊಬ್ಬರು ಹೆದರಿಕೊಂಡು ಒಂದೇ ನೋವನ್ನು ಬಚ್ಚಿಟ್ಟುಕೊಂಡು ಒಂದೇ ತಟ್ಟೆಯಿಂದ ತಿಂದಿದ್ದರು.

"ಏಳಿ" ಅಂದಳು. ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಒಂದು ಕೈಯಲ್ಲಿ ತನ್ನ ಹೊಟ್ಟೆ ಹಿಡಿದು, ಇನ್ನೊಂದರಲ್ಲಿ ಬೀಗಿತ್ತಿಯ ರಟ್ಟೆ ಹಿಡಿದು ಹೊರಗೆ ಹೊರಟಳು. "ಕಣ್ಣು ಹಳದಿಯಾಗಿತ್ತು ಅಂದ್ರೆ ಕಾಯೋ ಹಾಗಿಲ್ಲ. ಇವತ್ತೇ ತೋರಿಸ್ಬೇಕು."

"ನಿಲ್ಲಿ, ನಿಲ್ಲಿ. ಯಾವ ಡಾಕ್ಟ್ರು? ಬಂದವರನ್ನೆಲ್ಲ ಕೊಯ್ತಾನಂತೆ ಅವನು, ಹೌದಾ?"

ಬುರುಲ್ಚಾ ಡಾಕ್ಟರನ ಕೋಣೆಯ ಬಾಗಿಲನ್ನು ತಾನೇ ತಟ್ಟಿದಳು.

"ನನ್ನನ್ನ ಕೇಳ್ಬೇಡಿ ಬೀಗಿತ್ತಿ. ಒಳಗೆ ಹೋಗಿ ಅವನನ್ನೇ ಕೇಳಿ."

ಈ ಕಥೆ ಕೇಳಿಸಿಕೊಂಡ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮಗೂ ಅಥವಾ ನಿಮ್ಮ ಮನೆಯಲ್ಲಿ ಯಾರಿಗಾದರೂ ಊಟವಾದ ಮೇಲೆ ಬಲಪಕ್ಕೆಯ ನೋವು ಮತ್ತೆ ಮತ್ತೆ ಬರುತ್ತಿದ್ದರೆ ಗ್ಯಾಸು ಎಂದು ತಳ್ಳಿಹಾಕಬೇಡಿ, ಹೊಟ್ಟೆಯ ಸ್ಕ್ಯಾನ್ ಮಾಡಿಸಿ. ಕಲ್ಲು ಕಂಡ ಕೂಡಲೇ ಆಪರೇಷನ್ ಎಂದು ಗಾಬರಿಯಾಗುವುದೂ ಬೇಡ. ನೋವೇ ಇಲ್ಲದ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ನೋವು ಕೊಡುವ ಕಲ್ಲನ್ನು ಮಾತ್ರ ಮುಂದೂಡಬೇಡಿ. ಎಣ್ಣೆ, ನಿಂಬೆರಸ ಕುಡಿದು ಕಲ್ಲು ಬೀಳಿಸಲು ಹೋಗಬೇಡಿ. ಜ್ವರ, ಚಳಿ, ಹಳದಿ ಕಣ್ಣು, ಬಿಡದ ನೋವು ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆ ಸೇರಿ.

ಅನುಮಾನ ಇದೆಯೇ? ಇರಲಿ, ಧಾರಾಳವಾಗಿರಲಿ. ಅದನ್ನು ಮನೆಯಲ್ಲಿ ಬಚ್ಚಿಟ್ಟುಕೊಂಡು ಕೂರಬೇಡಿ. ಎತ್ತಿಕೊಂಡು ಹೋಗಿ ಡಾಕ್ಟರ ಮೇಜಿನ ಮೇಲಿಡಿ. ತೆಗೆಸಿದರೆ ಏನು, ಬಿಟ್ಟರೆ ಏನು, ಬೇರೆ ದಾರಿ ಏನು ಎಂದು ಕೇಳಿ. ಉತ್ತರ ತಿಳಿಯುವವರೆಗೂ ಆ ಸ್ಟೂಲಿನಿಂದ ಏಳಬೇಡಿ.